ನಾಟಕದ ಕೊನೆ ನೀವು ಬರೀಬೇಡಿ, ಊರೋರಿಗೆ ಬಿಡಿ

ಹಳ್ಳಿಗಳಲ್ಲಿ ಜಾಗೃತಿ ಬೀದಿನಾಟಕ ಮಾಡ್ಸೋ ಎಲ್ಲಾ ಇಲಾಖೆಗಳ ಅಧಿಕಾರಿಗಳಿಗೆ, ಗ್ರಾಮ ಪಂಚಾಯ್ತಿ ಅಧ್ಯಕ್ಷರಿಗೆ, ಪಿಡಿಒಗಳಿಗೆ,

ನಮಸ್ಕಾರ.

ನಾನು 14 ವರ್ಷದಿಂದ ಬೀದಿನಾಟಕ ಮಾಡ್ಕೊಂಡು ಬಂದಿರೋಳು. ನನ್ನನ್ನ ನೀವು ಎಲ್ಲೋ ನೋಡಿರ್ತೀರ, ಹೆಸರು ಗೊತ್ತಿರಲ್ಲ. ಹಾಲಿನ ಡೈರಿ ಮುಂದೆ, ಬಸ್‌ಸ್ಟ್ಯಾಂಡ್ ಪಕ್ಕ, ಅರಳಿಕಟ್ಟೆ ಹತ್ರ ತಮಟೆ ಬಡಿದು ಜನ ಸೇರ್ಸಿ, ಇಪ್ಪತ್ತು ನಿಮಿಷದಲ್ಲಿ ಶೌಚಾಲಯ, ಬಾಲ್ಯವಿವಾಹ, ಡೆಂಗಿ, ಮತದಾನ ಅಂತ ಆಡಿ, ಬ್ಯಾನರ್ ಹಿಡ್ಕೊಂಡು ಫೋಟೋ ತೆಗೆಸ್ಕೊಂಡು, ಪಂಚಾಯ್ತಿ ಸೀಲ್ ಹಾಕಿಸ್ಕೊಂಡು ಮುಂದಿನ ಊರಿಗೆ ಓಡೋ ತಂಡಗಳು ಇರ್ತವಲ್ಲ, ಅದರಲ್ಲಿ ಒಬ್ಳು ನಾನು. ದಿನಕ್ಕೆ ಎರಡು ಊರು, ಕೆಲವು ಸಲ ಮೂರು. ಈ ಕೆಲಸ ನಮಗೆ ಅನ್ನ ಕೊಟ್ಟಿದೆ, ಅದನ್ನ ಹಗುರ ಮಾಡಿ ಮಾತಾಡೋಳಲ್ಲ ನಾನು. ಒಂದೇ ಒಂದು ಕೇಳ್ಕೊಳ್ಳೋಕೆ ಬರೀತಿದೀನಿ. ನಾಟಕದ ಕೊನೆನೂ ನೀವೇ ಬರ್ದು ಕಳಿಸೋದು ನಿಲ್ಸಿ. ಕೊನೆ ಏನಾಗ್ಬೇಕು ಅನ್ನೋದನ್ನ ಅಲ್ಲಿ ಕೂತು ನೋಡ್ತಿರೋ ಜನಾನೇ ಎದ್ದು ಬಂದು ಆಡಿ ತೋರಿಸ್ಲಿ.

ಇದು ಹೆಂಗೆ ಅಂತ ಕೇಳ್ತೀರ. ಕಳೆದ ವರ್ಷ ಒಂದು ಊರಲ್ಲಿ ನಡೆದದ್ದು ಹೇಳ್ತೀನಿ, ಊರಿನ ಹೆಸರು ಬೇಡ, ಅಲ್ಲಿನ ಹೆಂಗಸರು ನಾಳೆನೂ ಅಲ್ಲೇ ಬದುಕ್ಬೇಕು. ಆ ನಾಟಕಕ್ಕೆ ಯಾವ ಇಲಾಖೆ ದುಡ್ಡೂ ಇರ್ಲಿಲ್ಲ, ನಾವು ಏಳು ಜನ ಕೈಯಿಂದ ಹಾಕ್ಕೊಂಡು ಮಾಡಿದ್ದು. ವಿಷ್ಯ ವಾರದ ಕಂತಿನ ಸಾಲ, ಹತ್ತು ಹೆಂಗಸರು ಗುಂಪು ಮಾಡ್ಕೊಂಡು ಒಬ್ರಿಗೊಬ್ರು ಜಾಮೀನು ನಿಂತು ತಗೊಳ್ಳೋದು ಇದೆಯಲ್ಲ, ಅದೇ. ಸಾಲ ತಗೊಂಡೋಳ ಪಾತ್ರ ನಂದು. ಗಂಡನಿಗೆ ಎರಡು ವಾರದಿಂದ ಗಾರೆ ಕೆಲಸ ಸಿಕ್ಕಿಲ್ಲ, ಮಗಳಿಗೆ ಜ್ವರ, ಬೆಳಿಗ್ಗೆ ಏಳು ಗಂಟೆಗೆ ಕಂತು ವಸೂಲಿಯೋನು ಬೈಕಲ್ಲಿ ಬಂದು ಜಗಲಿ ಮೇಲೆ ಕೂತ್ಕೋತಾನೆ, ಕಟ್ಟೋವರೆಗೂ ಏಳಲ್ಲ, ಅಕ್ಕಪಕ್ಕದೋರೆಲ್ಲ ನೋಡ್ತಾರೆ. ಕೊನೆಗೆ ಅವಳು ಕಿವಿ ಓಲೆ ಬಿಚ್ಚಿ ಕೊಡ್ತಾಳೆ. ಅಲ್ಲಿಗೆ ನಾಟಕ ಮುಗೀತು. ಹದಿನೈದು ನಿಮಿಷ ಅಷ್ಟೆ. ಯಾರೂ ಚಪ್ಪಾಳೆ ಹೊಡೀಲಿಲ್ಲ, ಸುಮ್ನೆ ಕೂತಿದ್ರು.

ಆಮೇಲೆ ನಮ್ಮ ಸೂತ್ರಧಾರ ಮುಂದೆ ಬಂದು, "ಇದನ್ನೇ ಇನ್ನೊಂದ್ಸಲ ಶುರುವಿಂದ ಆಡ್ತೀವಿ. ಇವಳು ಬೇರೆ ಥರ ಮಾಡ್ಬೋದಿತ್ತು ಅಂತ ಎಲ್ಲಿ ಅನ್ಸುತ್ತೋ ಅಲ್ಲಿ 'ನಿಲ್ಸಿ' ಅನ್ನಿ. ಕೂತಲ್ಲಿಂದ ಹೇಳೋದು ಬೇಡ, ಬಂದು ಇವಳ ಜಾಗದಲ್ಲಿ ನಿಂತು ಮಾಡಿ ತೋರ್ಸಿ" ಅಂದ. ಮೊದಲ ಐದು ನಿಮಿಷ ಯಾರೂ ಅಲ್ಲಾಡ್ಲಿಲ್ಲ, ಹೆಂಗಸರು ಸೆರಗು ಬಾಯಿಗೆ ಹಿಡ್ಕೊಂಡು ನಗ್ತಿದ್ರು. ಆಮೇಲೆ ಹಿಂದಿನಿಂದ ಒಬ್ಬ ಹುಡ್ಗಿ, ಕಾಲೇಜು ಓದ್ತಿರ್ಬೇಕು, 'ನಿಲ್ಸಿ' ಅಂದ್ಲು. ಬಂದ್ಲು, ನನ್ನ ಹೆಗಲಿನ ಬಟ್ಟೆ ಬ್ಯಾಗ್ ಇಸ್ಕೊಂಡು ಅವಳ ಹೆಗಲಿಗೆ ಹಾಕ್ಕೊಂಡ್ಲು (ಪಾತ್ರ ಬದಲಾಯ್ತು ಅನ್ನೋಕೆ ನಮ್ಮಲ್ಲಿ ಆ ಬ್ಯಾಗೇ ಗುರುತು), ವಸೂಲಿಯೋನಿಗೆ ಬೆರಳು ತೋರಿಸಿ, "ಮನೆ ಬಾಗಿಲಿಗೆ ಬಂದು ಕಾಡೋಹಾಗಿಲ್ಲ, 2025ರಲ್ಲಿ ಸರ್ಕಾರ ಕಾನೂನು ತಂದಿದೆ, ಎದ್ದು ಹೋಗಿ" ಅಂದ್ಲು. ಜನ ಹೋ ಅಂತ ಕೂಗಿದ್ರು. ವಸೂಲಿ ಪಾತ್ರದ ನಮ್ಮ ಹುಡುಗ ಒಂದು ಕ್ಷಣ ಸುಮ್ನಿದ್ದು, ಎದ್ದು ನಿಂತು, ತುಂಬಾ ಮರ್ಯಾದೆಯಿಂದ, "ಆಯ್ತು ಅಕ್ಕ, ನಾನು ಹೋಗ್ತೀನಿ. ಗುಂಪಿನವ್ರನ್ನ ಕರೀರಿ, ಜಾಮೀನು ಸೈನ್ ಅವ್ರದ್ದೇ ಇದೆ, ಅವ್ರು ಕಟ್ಲಿ" ಅಂದ.

ಅಲ್ಲಿಗೆ ಕೂಗಾಟ ನಿಂತೋಯ್ತು. ಯಾಕಂದ್ರೆ ಆ ಗುಂಪಿನವ್ರು ನಿಜವಾಗ್ಲೂ ಅಲ್ಲೇ ಚಾಪೆ ಮೇಲೆ ಕೂತಿದ್ರು. ಒಬ್ಳು ಅಂದೇಬಿಟ್ಲು, "ನಾವ್ಯಾಕೆ ಕಟ್ಬೇಕು, ತಗೊಂಡೋಳು ಕಟ್ಲಿ". ಹುಡ್ಗಿಗೆ ಮಾತು ಬರ್ಲಿಲ್ಲ, ಬ್ಯಾಗ್ ನನ್ನ ಕೈಗೆ ಕೊಟ್ಟು ಹೋಗಿ ಕೂತ್ಲು.

ಆಗ ಒಬ್ಬ ಅಜ್ಜಿ ಎದ್ರು. ಅರವತ್ತೈದು ದಾಟಿರ್ಬೋದು, ಮಂಡಿ ಹಿಡ್ಕೊಂಡು ನಿಧಾನಕ್ಕೆ ಬಂದ್ರು. ಬ್ಯಾಗ್ ತಗೊಂಡ್ರು. ವಸೂಲಿಯೋನ ಕಡೆ ತಿರುಗಿಯೂ ನೋಡ್ಲಿಲ್ಲ, ಅವನಿಗೆ ಬೆನ್ನು ಹಾಕಿ, ಕೂತಿರೋ ಹೆಂಗಸರ ಕಡೆ ಮುಖ ಮಾಡಿ ನಿಂತ್ರು. "ಅವ್ನ್ ಹತ್ರ ನಂಗೇನ್ ಮಾತು. ನಿಮ್ ಹತ್ರ ಐತೆ ಮಾತು. ಹೋದ್ ವರ್ಷ ನಿನ್ ಮಗಳು ಬಾಣಂತನಕ್ಕೆ ಬಂದಾಗ ನಿನ್ ಎರಡು ಕಂತು ಯಾರವ್ವ ಕಟ್ಟಿದ್ದು?" ಯಾರಿಗೆ ಕೇಳಿದ್ರೋ ಆ ಹೆಂಗಸು ಕೂತಲ್ಲಿಂದಾನೇ, ತಲೆ ಬಗ್ಗಿಸ್ಕೊಂಡು, "ನೀನೇ ಕಟ್ಟಿದ್ದೆ" ಅಂದ್ಲು. ಅದು ನಾಟಕದ ಮಾತಾ ನಿಜದ ಮಾತಾ ನಮಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿ ಒಂದು ದಾರಿ ಹೇಳಿದ್ರು, ವಾರಕ್ಕೆ ಇಪ್ಪತ್ತು ರೂಪಾಯಿ ಎಲ್ರೂ ಒಂದು ಡಬ್ಬಿಗೆ ಹಾಕೋದು, ಯಾರ ಮನೇಲಿ ಕಷ್ಟ ಬರುತ್ತೋ ಆ ವಾರ ಡಬ್ಬಿಯಿಂದ ಕಂತು. ಸೂತ್ರಧಾರ ಜನರ ಕಡೆ ತಿರುಗಿ, "ಇದು ಆಗೋ ಮಾತಾ?" ಅಂತ ಕೇಳ್ದ. "ಇಪ್ಪತ್ತು ಆಗಲ್ಲ, ಹತ್ತು ಆಗುತ್ತೆ" ಅಂತ ಯಾರೋ ಅಂದ್ರು. ಡಬ್ಬಿ ಯಾರ ಮನೇಲಿ ಇಡೋದು ಅಂತ ಶುರುವಾಗಿದ್ದು ಮುಕ್ಕಾಲು ಗಂಟೆ ನಡೀತು, ನಾವು ನಟರೆಲ್ಲ ಒಂದು ಮೂಲೇಲಿ ನಿಂತು ಕೇಳಿಸ್ಕೊಳ್ತಿದ್ವಿ. ರಿಹರ್ಸಲ್ಲಲ್ಲಿ ನಾವು ಏನೇನೋ ಯೋಚ್ನೆ ಮಾಡ್ಕೊಂಡು ಹೋಗಿದ್ವಿ, ಪೊಲೀಸ್ ಕಂಪ್ಲೇಂಟು, ಸಹಾಯವಾಣಿ, ಗಂಡನ ಕುಡಿತ ಬಿಡ್ಸೋದು ಅಂತ. ವಸೂಲಿಯೋನಿಗೆ ಬೆನ್ನು ಹಾಕಿ ನಿಂತ್ಕೋಬೋದು ಅಂತ ನಮ್ಮಲ್ಲಿ ಒಬ್ರಿಗೂ ಹೊಳೆದಿರ್ಲಿಲ್ಲ.

ಇಂಥ ನಾಟಕಕ್ಕೆ ಫೋರಂ ಥಿಯೇಟರ್ ಅಂತಾರೆ. ನಮ್ಮ ತಂಡದಲ್ಲಿ 'ನಿಲ್ಸಿ ನಾಟಕ' ಅಂತೀವಿ. ಇದನ್ನ ಕಟ್ಟಿ ಬೆಳೆಸಿದ್ದು ಬ್ರೆಜಿಲ್ ದೇಶದ ಆಗಸ್ಟೊ ಬೊಆಲ್, 1931ರಲ್ಲಿ ಹುಟ್ಟಿ 2009ರಲ್ಲಿ ತೀರ್ಕೊಂಡ ನಿರ್ದೇಶಕರು. ಅವ್ರ ಬದುಕಿನ ಎರಡು ಘಟನೆ ನೀವು ಕೇಳ್ಲೇಬೇಕು, ಯಾಕಂದ್ರೆ ಎರಡೂ ನಮಗೇ, ಅಂದ್ರೆ ನಾಟಕ ಮಾಡ್ಸೋ ನಿಮಗೂ ಆಡೋ ನಮಗೂ ಸೇರಿದ್ದು.

ಮೊದಲನೇದು 1960ರ ದಶಕದ ಶುರುವಿಂದು. ಬೊಆಲ್ ಮತ್ತೆ ಅವ್ರ ತಂಡ ಬ್ರೆಜಿಲ್‌ನ ಈಶಾನ್ಯ ಭಾಗದ ಬಡ ರೈತರ ಊರುಗಳಿಗೆ ಹೋಗಿ, ಭೂಮಿಗೋಸ್ಕರ ರಕ್ತ ಹರಿಸೋಣ ಅಂತ ಬಂದೂಕು ಎತ್ತಿ ಹಿಡ್ಕೊಂಡು ಹಾಡಿ ಆಡಿದ್ರು. ನಾಟಕ ಮುಗಿದ್ಮೇಲೆ ವರ್ಜೀಲಿಯೋ ಅನ್ನೋ ಒಬ್ಬ ರೈತ ಕಣ್ಣೀರಿಟ್ಕೊಂಡು ಬಂದು, ಊಟ ಮಾಡ್ಕೊಂಡು ಎಲ್ಲಾ ಒಟ್ಟಿಗೆ ಹೋಗೋಣ, ನಿಮ್ಮ ಬಂದೂಕು ತಗೊಂಡು ಬನ್ನಿ, ನಮ್ಮ ಜಮೀನು ಕಿತ್ಕೊಂಡೋರನ್ನ ಓಡಿಸೋಣ ಅಂದ. ಇವ್ರು ಗಾಬರಿಯಾಗಿ, ಇವು ಮರದ ಬಂದೂಕು, ನಾಟಕದ್ದು ಅಂದ್ರು. ಅವನು, ಪರವಾಗಿಲ್ಲ ನಮ್ಮ ಹತ್ರ ನಿಜವಾದವು ಇವೆ, ನೀವು ಬಂದ್ರೆ ಸಾಕು ಅಂದ. ನಾವು ಕಲಾವಿದ್ರು, ರೈತರಲ್ಲ ಅಂತ ಇವ್ರು ಹೇಳ್ಬೇಕಾಯ್ತು. ಆಗ ಅವನಿಗೆ ಅರ್ಥ ಆಯ್ತು, ಇವ್ರು ಹರಿಸೋಣ ಅಂತಿರೋ ರಕ್ತ ಇವ್ರದ್ದಲ್ಲ, ನಮ್ಮದು ಅಂತ. ತಾನು ಮಾಡೋಕೆ ತಯಾರಿಲ್ಲದ್ದನ್ನ ಇನ್ನೊಬ್ರಿಗೆ ಮಾಡಿ ಅಂತ ಹೇಳೋ ನಾಟಕವನ್ನ ಬೊಆಲ್ ಅಲ್ಲಿಗೆ ಬಿಟ್ರು.

ನನಗೆ ಈ ಕಥೆ ಕೇಳ್ದಾಗೆಲ್ಲ ಎದೆ ಭಾರ ಆಗುತ್ತೆ. ಬಾಲ್ಯವಿವಾಹದ ನಾಟಕದಲ್ಲಿ ನಾನೇ ಎಷ್ಟು ಸಲ "ಧೈರ್ಯವಾಗಿ 1098ಕ್ಕೆ ಫೋನ್ ಮಾಡಿ" ಅಂತ ಕೈ ಎತ್ತಿ ಕೂಗಿ, ವ್ಯಾನ್ ಹತ್ತಿ ಹೋಗಿದೀನಿ. ಮಕ್ಕಳ ಸಹಾಯವಾಣಿ ನಂಬರ್ ಹೇಳ್ಬಾರ್ದು ಅಂತಲ್ಲ, ಹೇಳ್ಲೇಬೇಕು. ಆದ್ರೆ ಫೋನ್ ಮಾಡಿದ ಹುಡ್ಗಿ ಆ ರಾತ್ರಿ ಅದೇ ಮನೇಲಿ ಅದೇ ಅಪ್ಪನ ಮುಂದೆ ಊಟಕ್ಕೆ ಕೂರ್ಬೇಕಲ್ಲ, ಆ ಊಟದ ಹೊತ್ತು ನಮ್ಮ ನಾಟಕದಲ್ಲಿ ಯಾವತ್ತೂ ಬಂದಿಲ್ಲ.

ಎರಡನೇದು ಪೆರು ದೇಶದ್ದು, 1973. ಬ್ರೆಜಿಲ್‌ನ ಸರ್ವಾಧಿಕಾರದೋರು 1971ರಲ್ಲಿ ಬೊಆಲ್‌ರನ್ನ ಹಿಡಿದು ಹಿಂಸೆ ಕೊಟ್ಟು ದೇಶ ಬಿಡಿಸಿದ್ರು, ಆಮೇಲೆ ಪೆರುವಲ್ಲಿ ಅಕ್ಷರ ಕಲ್ಸೋ ಒಂದು ಕಾರ್ಯಕ್ರಮದ ಜೊತೆ ಕೆಲಸ ಮಾಡ್ತಿದ್ರು. ಅಲ್ಲಿ ಒಬ್ಬ ಹೆಂಗಸು ತನ್ನ ಕಥೆನೇ ನಾಟಕ ಮಾಡಿ ಅಂತ ಕೊಟ್ಲು. ಗಂಡ ತಿಂಗಳು ತಿಂಗಳು ಮನೆ ಕಟ್ಟೋಕೆ ಅಂತ ದುಡ್ಡು ಇಸ್ಕೊಂಡು ಹೋಗ್ತಿದ್ದ, ರಸೀತಿ ಅಂತ ಕಾಗದ ಕೊಡ್ತಿದ್ದ, ಓದು ಬರದ ಇವಳು ಜೋಪಾನವಾಗಿ ಎತ್ತಿಡ್ತಿದ್ಲು. ಪಕ್ಕದ ಮನೆಯೋಳು ಓದಿ ನೋಡಿದ್ರೆ ಅವು ಅವನ ಪ್ರೇಯಸಿ ಬರೆದ ಪ್ರೇಮಪತ್ರ. ಗಂಡ ಮನೆಗೆ ಬರ್ತಾನೆ, ಈಗ ಇವಳು ಏನ್ ಮಾಡ್ಬೇಕು ಅಂತ ನಾಟಕ ನಿಲ್ಸಿ ಜನರನ್ನ ಕೇಳಿದ್ರು. ಆಗಿನ ಪದ್ಧತಿ ಪ್ರಕಾರ ಜನ ಕೂತಲ್ಲಿಂದ ಹೇಳೋದು, ನಟರು ಅದನ್ನ ಮಾಡೋದು. ದಪ್ಪನೆಯ ಒಬ್ಬ ಹೆಂಗಸು, ಅವನ ಹತ್ರ ಸ್ಪಷ್ಟವಾಗಿ ಮಾತಾಡ್ಬೇಕು, ಆಮೇಲೆ ಕ್ಷಮಿಸ್ಬೇಕು ಅಂದ್ಲು. ನಟಿ ಎಷ್ಟು ಥರ ಮಾತಾಡಿ ತೋರಿಸಿದ್ರೂ ಆಯಮ್ಮನಿಗೆ ಸಮಾಧಾನ ಇಲ್ಲ, ಹಿಂಗಲ್ಲ ಹಿಂಗಲ್ಲ ಅಂತಾಳೆ. ಬೊಆಲ್ ಸೋತು, ಹಂಗಾದ್ರೆ ನೀವೇ ಬನ್ನಿ ಅಂದ್ರು. ಅವಳು ಬಂದೋಳೇ ಪೊರಕೆ ಎತ್ಕೊಂಡು ಗಂಡನ ಪಾತ್ರದೋನಿಗೆ ಬಾರಿಸಿದ್ಲು, ಬಾರಿಸಿ ಸುಸ್ತಾದ್ಮೇಲೆ ಅಡುಗೆಮನೆಯಿಂದ ಊಟ ತಗೊಂಡು ಬಾ ಅಂತ ಅವನನ್ನೇ ಕಳಿಸಿದ್ಲು. ಅವಳ "ಸ್ಪಷ್ಟವಾದ ಮಾತು" ಅದಾಗಿತ್ತು. ಓದಿರೋ ನಾವು ಅವ್ರ ಮಾತು ಬರ್ಕೊಂಡು ರಿಪೋರ್ಟ್ ಮಾಡಿದ್ರೆ "ದಂಪತಿಗಳ ನಡುವೆ ಸಮಾಲೋಚನೆ ಅಗತ್ಯ" ಅಂತ ಬರೀತಿದ್ವಿ ನೋಡಿ.

ಅವತ್ತಿಂದ ಜನ ಹೇಳೋದು ಹೋಗಿ ಜನ ಬಂದು ಆಡೋದು ಶುರುವಾಯ್ತು. ಇದಕ್ಕೂ ಕಟ್ಟುನಿಟ್ಟು ಇದೆ, ಬಾಯಿಗೆ ಬಂದಂಗೆ ಅಲ್ಲ. ಕಷ್ಟದಲ್ಲಿರೋಳ ಜಾಗಕ್ಕೆ ಮಾತ್ರ ಬರ್ಬೇಕು, ವಸೂಲಿಯೋನ ಜಾಗಕ್ಕೆ ಬಂದು ಅವನನ್ನ ಒಳ್ಳೆಯೋನು ಮಾಡೋ ಹಾಗಿಲ್ಲ, ಯಾಕಂದ್ರೆ ಹಂಗೆ ನಿಜದಲ್ಲಿ ಆಗಲ್ವಲ್ಲ. ಲಾಟ್ರಿ ಹೊಡೀತು, ಅಣ್ಣ ದುಬೈಯಿಂದ ದುಡ್ಡು ಕಳಿಸ್ದ ಅಂತ ಯಾರಾದ್ರೂ ಮಾಡಿದ್ರೆ ಮುಂದೆ ಕೂತಿರೋ ಮಕ್ಕಳೇ "ಆಗಲ್ಲಾ ಆಗಲ್ಲಾ" ಅಂತ ಕೂಗ್ತವೆ. ಎದುರು ಪಾತ್ರದ ನಟ ಪೂರ್ತಿ ಬಲ ಹಾಕಿ ಅಡ್ಡ ನಿಲ್ಬೇಕು, ನಿಜದಲ್ಲಿ ಅಂಥೋನು ಏನ್ ಮಾಡ್ತಾನೋ ಅದನ್ನೇ ಮಾಡ್ಬೇಕು. ಇದು ತುಂಬಾ ಕಷ್ಟದ ಪಾತ್ರ. ಅವನು ಪಾಪ ಅಂತ ಸುಮ್ನೆ ಸೋತ್ರೆ, ಬಂದ ಹುಡ್ಗಿ ಸುಳ್ಳು ಧೈರ್ಯ ತಗೊಂಡು ಮನೆಗೆ ಹೋಗ್ತಾಳೆ, ನಾಳೆ ನಿಜವಾದೋನ ಮುಂದೆ ಮುರ್ದು ಬೀಳ್ತಾಳೆ. ಸೂತ್ರಧಾರನಿಗೆ ಬೊಆಲ್ ಜೋಕರ್ ಅಂತ ಹೆಸರಿಟ್ರು, ಇಸ್ಪೀಟ್ ಕಟ್ಟಲ್ಲಿ ಯಾವ ಬಣ್ಣಕ್ಕೂ ಸೇರದ ಎಲೆ ಇರುತ್ತಲ್ಲ ಹಂಗೆ, ಅವನು ಯಾರ ಕಡೆಗೂ ತೀರ್ಪು ಕೊಡೋ ಹಾಗಿಲ್ಲ, ಕೇಳ್ತಾ ಇರ್ಬೇಕು ಅಷ್ಟೆ.

ನಮ್ಮೋರಿಗೆ ಇದು ಹೊರಗಿನದ್ದು ಅನ್ಸಲ್ಲ, ನಾನು ಕಣ್ಣಾರೆ ನೋಡಿದೀನಿ. ತಾಳಮದ್ದಳೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ಆಡೋ ಯಕ್ಷಗಾನ, ಕೇಳಿ ಬೆಳೆದ ಊರು ನಮ್ಮದು. ಅಲ್ಲಿ ಪಾತ್ರದ ಮಾತಾಡೋ ಅರ್ಥಧಾರಿಗಳಿಗೆ ಬರೆದಿಟ್ಟ ಮಾತಿಲ್ಲ, ಪದ್ಯ ಆದ್ಮೇಲೆ ಅವ್ರವ್ರೇ ಮಾತು ಕಟ್ಬೇಕು, ವಾಲಿ ಬಿದ್ದಲ್ಲಿಂದಾನೇ ರಾಮನಿಗೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ಕೇಳೋವಾಗ ಬೆಳಗಿನ ಜಾವದವರೆಗೂ ಜನ ಕಣ್ಣು ಮುಚ್ಚಲ್ಲ. ವಾದದಲ್ಲಿ ವಾಲಿ ಗೆದ್ದ ಅಂತ ಇಡೀ ಸಭೆಗೆ ಅನ್ಸಿದ್ರೂ ಕೊನೆಗೆ ಅವನು ಸಾಯ್ಲೇಬೇಕು, ಪ್ರಸಂಗ ಹಂಗಿದೆ. ನಾನು ಚಿಕ್ಕೋಳಿದ್ದಾಗ ಒಂದ್ಸಲ ನಮ್ಮಜ್ಜಿ ಮನೆಗೆ ಬರ್ತಾ ದಾರೀಲಿ ಬೇಜಾರು ಮಾಡ್ಕೊಂಡು, "ಒಂದ್ಸಲನಾದ್ರೂ ಬಿಟ್ಬಿಡ್ಬೋದಿತ್ತು" ಅಂದಿದ್ದು ನೆನಪಿದೆ. ಬೀದಿನಾಟಕಕ್ಕಂತೂ ನಮ್ಮಲ್ಲಿ ದೊಡ್ಡ ಚರಿತ್ರೆನೇ ಇದೆ, 1975ರಲ್ಲಿ 'ಸಮುದಾಯ' ಅನ್ನೋ ನಾಟಕ ಸಂಘಟನೆ ಹುಟ್ಟಿತು, 1979ರಲ್ಲಿ ಅವ್ರು ಜಾಥಾ ಹೊರಟು ಊರೂರಿಗೆ ನಾಟಕ ತಗೊಂಡು ಹೋದ್ರು, ನಾವೆಲ್ಲ ಅದೇ ದಾರೀಲಿ ಬಂದೋರು. ಆ ನಾಟಕಗಳಲ್ಲಿ ಸರ್ಕಾರಕ್ಕೆ ಪ್ರಶ್ನೆ ಇತ್ತು. ಈಗ ನಾವು ಆಡೋ ಜಾಗೃತಿ ನಾಟಕಗಳಲ್ಲಿ ತಪ್ಪು ಯಾವಾಗ್ಲೂ ಜನರದ್ದೇ, ಶೌಚಾಲಯ ಕಟ್ಟದ ಗಂಡ, ಮಗಳನ್ನ ಓದಿಸದ ಅಪ್ಪ, ಕಸ ಎಸೆಯೋ ಅತ್ತೆ. ನೀರು ಬರದ ನಲ್ಲಿ ಒಂದು ಸಲನೂ ತಪ್ಪಿತಸ್ಥ ಆಗಲ್ಲ.

ಒಂದು ಕಚೇರೀಲಿ ನಡೆದದ್ದು ಹೇಳ್ತೀನಿ, ಯಾವ ಜಿಲ್ಲೆ ಯಾವ ಇಲಾಖೆ ಅನ್ನೋದು ಮುಖ್ಯ ಅಲ್ಲ. ಹೆಣ್ಣುಮಕ್ಕಳು ಹೈಸ್ಕೂಲು ಬಿಡೋದರ ಬಗ್ಗೆ ನಾಟಕ ಕೇಳಿದ್ರು. ನಾವು ಅರ್ಧ ನಾಟಕ ಮಾಡಿ, ಉಳಿದರ್ಧ ಊರೋರ ಜೊತೆ ಆಡ್ತೀವಿ ಅಂತ ಬರ್ದು ಕೊಟ್ವಿ. ಅಲ್ಲಿದ್ದ ಸರ್ ಒಳ್ಳೆಯೋರೇ, ಟೀ ಕೊಟ್ಟು ಕೂರ್ಸಿ ಪೂರ್ತಿ ಓದಿದ್ರು. ಓದಿ, "ಚೆನ್ನಾಗಿದೆ ಮೇಡಂ, ಆದ್ರೆ ಸಂದೇಶ ಎಲ್ಲಿ? ಕೊನೆಗೆ ಏನಾಗುತ್ತೆ ಅಂತ ಇಲ್ಲದ ಸ್ಕ್ರಿಪ್ಟಿಗೆ ನಾನು ಹೆಂಗೆ ಅಪ್ರೂವಲ್ ಹಾಕ್ಲಿ, ಯಾರಾದ್ರೂ ಎದ್ದು ಇಲಾಖೆ ಬಗ್ಗೆನೇ ಏನಾದ್ರೂ ಅಂದ್ರೆ?" ಅಂದ್ರು. ಅವ್ರ ಭಯ ನನಗೆ ಅರ್ಥ ಆಗುತ್ತೆ, ಮೇಲಿನೋರಿಗೆ ಉತ್ತರ ಕೊಡ್ಬೇಕಾದೋರು ಅವ್ರು. ಕೊನೆಗೆ ಅಪ್ಪ ಬದಲಾಗಿ ಮಗಳಿಗೆ ಸ್ಕೂಲ್ ಬ್ಯಾಗ್ ತಂದುಕೊಡೋ ನಾಟಕವೇ ಆಯ್ತು. ಆಡಿದ್ವಿ. ಒಂದೂರಲ್ಲಿ ಮುಗಿಸಿ ಮೈಕ್ ಸುತ್ತಿಡ್ತಿದ್ದಾಗ ಎಂಟನೇ ಕ್ಲಾಸಿನ ಒಂದು ಮಗು ನನ್ನ ಹತ್ರ ಬಂದು, "ಆಂಟಿ, ನಮ್ಮಪ್ಪ ಬ್ಯಾಗ್ ಕೊಡ್ಸಿದಾರೆ, ಸಂಜೆ ಬಸ್ಸೇ ಇಲ್ಲ, ಕತ್ತಲಾಗುತ್ತೆ ಅಂತ ಬಿಡ್ಸಿದ್ದು" ಅಂತು. ಆ ಮಾತನ್ನ ಆ ಮಗು ಎಲ್ರ ಮುಂದೆ ಆಡಿ ತೋರ್ಸಿದ್ರೆ, ಅಲ್ಲಿ ಪಂಚಾಯ್ತಿಯೋರು ಕೂತಿದ್ರೆ, ಏನಾಗ್ತಿತ್ತು ಅಂತ ನಾನು ವ್ಯಾನಲ್ಲಿ ಇಡೀ ದಾರಿ ಯೋಚ್ನೆ ಮಾಡ್ದೆ.

ಯಾರಾದ್ರೂ ಎದ್ದು ನಮ್ಮನ್ನೇ ಕೇಳಿದ್ರೆ ಅನ್ನೋ ಭಯಕ್ಕೆ ಉತ್ತರ ರಿಯೋ ಡಿ ಜನೈರೋ ನಗರದಲ್ಲಿದೆ. 1992ರಲ್ಲಿ ಬೊಆಲ್ ಅಲ್ಲಿನ ನಗರಸಭೆಗೆ ಗೆದ್ದು ಬಂದ್ರು. ಒಬ್ಬ ಕಾರ್ಪೊರೇಟರ್ ತನ್ನ ಕಚೇರಿಗೆ ನಾಟಕದೋರನ್ನೇ ಸಿಬ್ಬಂದಿ ಮಾಡ್ಕೊಂಡ್ರೆ ಹೆಂಗಿರುತ್ತೆ ಅಂದ್ಕೊಳ್ಳಿ, ಹಂಗೆ ಮಾಡಿದ್ರು. ಬಡಾವಣೆ, ಕೊಳೆಗೇರಿ, ವಯಸ್ಸಾದೋರ ಗುಂಪು, ಹಿಂಗೆ ಬೇರೆ ಬೇರೆ ಕಡೆ ನಾಟಕ ಆಡೋದು, ಜನ ಬಂದು ಏನೇನು ಆಡಿ ತೋರಿಸ್ತಾರೋ ಅದನ್ನ ಬರ್ಕೊಳ್ಳೋದು, ವಕೀಲರ ಹತ್ರ ಕೂತು ಅದನ್ನ ಮಸೂದೆ ಮಾಡೋದು, ನಗರಸಭೇಲಿ ಮಂಡಿಸೋದು. ಅವ್ರ ನಾಲ್ಕು ವರ್ಷದ ಅವಧೀಲಿ 13 ಕಾನೂನು ಹಿಂಗೆ ಪಾಸಾದ್ವು. ನಗರದ ಆಸ್ಪತ್ರೆಗಳಲ್ಲಿ ವಯಸ್ಸಾದೋರ ಚಿಕಿತ್ಸೆಗೆ ಸಂಬಂಧಪಟ್ಟದ್ದು ಒಂದು, ಅಪರಾಧದ ಸಾಕ್ಷಿಗಳಿಗೆ ರಕ್ಷಣೆ ಕೊಡೋದು ಇನ್ನೊಂದು. ಅದಕ್ಕೆ ಶಾಸನದ ರಂಗಭೂಮಿ ಅಂತ ಹೆಸರಾಯ್ತು. ಅಷ್ಟು ದೂರ ಬೇಡ ಅಂದ್ರೆ ನಮ್ಮ ದೇಶದಲ್ಲೇ, ಪಶ್ಚಿಮ ಬಂಗಾಳದಲ್ಲಿ, ಸಂಜಯ್ ಗಂಗೂಲಿ ಮತ್ತೆ ಜೊತೆಯೋರು 1985ರಲ್ಲಿ ಸುಂದರಬನದ ಕಡೆ ಶುರು ಮಾಡಿದ ಜನ ಸಂಸ್ಕೃತಿ ಅನ್ನೋ ಸಂಘಟನೆ ಇದೆ. ಅಲ್ಲಿ ಆಡೋರು ಹೆಚ್ಚಾಗಿ ಕೂಲಿ, ಬೇಸಾಯದ ಮನೆತನದೋರು. ವರದಕ್ಷಿಣೆ, ಹೆಂಡತಿಗೆ ಹೊಡೆಯೋದು, ಕಳ್ಳಭಟ್ಟಿ, ಇಂಥ ವಿಷ್ಯಗಳ ನಾಟಕವನ್ನ ಒಂದೇ ಊರಿಗೆ ಮತ್ತೆ ಮತ್ತೆ ತಗೊಂಡು ಹೋಗ್ತಾರೆ. ಒಂದ್ಸಲ ಹೋಗಿ ಬಂದ್ರೆ ಆಗಲ್ಲ ಅನ್ನೋದನ್ನ ನಾವು ಕಲ್ತಿದ್ದೇ ಅವ್ರಿಂದ.

ಇದರಲ್ಲಿ ಅಪಾಯ ಇಲ್ಲ ಅಂತ ನಾನು ಹೇಳಲ್ಲ. ಊರ ಮಧ್ಯ ಅರಳಿಕಟ್ಟೆ ಮುಂದೆ ಆಡಿದ್ರೆ ಮುಂದಿನ ಸಾಲಲ್ಲಿ ಯಾರು ಕೂರ್ತಾರೆ, ಯಾರು ದೂರ ನಿಂತು ನೋಡ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಅಲ್ಲಿ 'ನಿಲ್ಸಿ' ಅಂದ್ರೆ ಎದ್ದು ಬರೋರು ಯಾವಾಗ್ಲೂ ಮಾತಾಡೋರೇ. ಕೇರಿಯ ಒಬ್ಬ ಹೆಣ್ಮಗಳು ಧೈರ್ಯ ಮಾಡಿ ಬಂದು ಜಮೀನ್ದಾರನ ಎದುರು ಆಡಿ ತೋರ್ಸಿದ್ರೆ, ನಾವು ವ್ಯಾನ್ ಹತ್ತಿದ ಮಾರನೇ ದಿನ ಅವಳಿಗೆ ಕೂಲಿಗೆ ಬರ್ಬೇಡ ಅನ್ನೋರು ಇರ್ತಾರೆ. ಅದಕ್ಕೇ ನಾವು ಮೊದಲು ಕೇರೀಲೇ, ಹೆಂಗಸರ ಮಧ್ಯೆ ಮಾತ್ರ, ಸಣ್ಣ ಗುಂಪಲ್ಲಿ ಆಡ್ತೀವಿ. ದೊಡ್ಡ ಬಯಲಿಗೆ ತರ್ಬೇಕಾ ಬೇಡ್ವಾ ಅಂತ ಅವ್ರೇ ಹೇಳ್ತಾರೆ. ಕೆಲವು ಸಲ ಬೇಡ ಅಂದಿದಾರೆ, ನಾವು ತಂದಿಲ್ಲ. ಫೋಟೋ ತೆಗೆಯೋದನ್ನ ಪೂರ್ತಿ ಬಿಟ್ಟಿದೀವಿ. ನಿಮ್ಮ ಬಿಲ್ಲಿಗೆ ಫೋಟೋ ಕಡ್ಡಾಯ ಅಂತಿದ್ರೆ ಇಂಥ ನಾಟಕ ಆಗೋದೇ ಇಲ್ಲ, ಇದೊಂದನ್ನ ದಯವಿಟ್ಟು ಯೋಚ್ನೆ ಮಾಡಿ.

ಎಲ್ಲಾದಕ್ಕೂ ಇದೇ ಬೇಕು ಅಂತ ನನ್ನ ವಾದ ಅಲ್ಲ. ಪೋಲಿಯೋ ಹನಿ ಯಾವತ್ತು ಹಾಕ್ತಾರೆ, ಹಾವು ಕಚ್ಚಿದ್ರೆ ಮೊದಲು ಏನ್ ಮಾಡ್ಬೇಕು, ಇಂಥದಕ್ಕೆ ಹೇಳಿ ಹೋಗೋ ನಾಟಕವೇ ಸರಿ. ಆದ್ರೆ ಸಾಲ, ಕುಡಿತ, ಹೆಣ್ಣುಮಕ್ಕಳ ಓದು, ಕೆರೆ ಒತ್ತುವರಿ, ದೇವಸ್ಥಾನದ ಬಾಗಿಲು, ಇವಕ್ಕೆಲ್ಲ ಉತ್ತರ ಕಚೇರೀಲಿ ಕೂತು ಬರ್ದು ಕಳಿಸೋಕಾಗಲ್ಲ. ಅದಕ್ಕೆ ನಾನು ಕೇಳೋದು ಇಷ್ಟು. ಮೂವತ್ತು ಊರಿಗೆ ಒಂದೊಂದು ಸಲ ಕಳಿಸೋ ದುಡ್ಡಲ್ಲಿ ಹತ್ತು ಊರಿಗೆ ಮೂರು ಮೂರು ಸಲ ಕಳ್ಸಿ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೀಲೇಬೇಕು ಅಂತ ಕಾನೂನೇ ಇದೆಯಲ್ಲ, ಅದಕ್ಕೆ ಒಂದು ವಾರ ಮುಂಚೆ ಊರಲ್ಲಿ ಈ ನಾಟಕ ಇಡಿ, ಪಂಚಾಯ್ತಿಯಿಂದ ಒಬ್ರು ಬಂದು ಚಾಪೆ ಮೇಲೆ ಕೂತು, ಜನ ಏನು ಆಡಿ ತೋರಿಸಿದ್ರು ಅನ್ನೋದನ್ನ ಹೆಸರಿಲ್ಲದೆ ಬರ್ಕೊಳ್ಳಿ, ಗ್ರಾಮಸಭೆ ನಡಾವಳೀಲಿ ಅದಕ್ಕೊಂದು ಜಾಗ ಕೊಡಿ, ಮುಂದಿನ ಸಭೇಲಿ ಏನಾಯ್ತು ಅಂತ ಓದಿ ಹೇಳಿ. ಮಕ್ಕಳ ಗ್ರಾಮಸಭೆಗಂತೂ ಇದು ಹೇಳಿ ಮಾಡ್ಸಿದ್ದು, ಮೈಕ್ ಕೊಟ್ರೆ ಬಾಯಿಪಾಠ ಮಾಡಿದ ಭಾಷಣ ಹೇಳೋ ಮಕ್ಕಳು ನಾಟಕ ಅಂದ್ರೆ ನಿಜ ಹೇಳ್ತವೆ. ಸೂತ್ರಧಾರನ ಕೆಲಸಕ್ಕೆ ತರಬೇತಿ ಬೇಕೇ ಬೇಕು, ವಾರದಲ್ಲಿ ಬರೋ ವಿದ್ಯೆ ಅಲ್ಲ, ನೀನಾಸಂ, ರಂಗಾಯಣದಂಥ ಜಾಗಗಳಿರೋ ನಾಡಲ್ಲಿ ಅದು ಕಷ್ಟ ಆಗ್ಬಾರ್ದು. ಸ್ಕ್ರಿಪ್ಟ್ ಅಪ್ರೂವಲ್ ಮಾಡೋವಾಗ ಕೊನೆ ಪುಟ ಖಾಲಿ ಇದ್ರೆ ವಾಪಸ್ ಕಳಿಸ್ಬೇಡಿ.

ಆ ಡಬ್ಬಿ ಏನಾಯ್ತು ಅಂತ ಹೇಳ್ಬೇಕು. ಮೂರು ತಿಂಗಳು ಬಿಟ್ಟು ಅದೇ ಊರಿಗೆ ಹೋದ್ವಿ. ಡಬ್ಬಿ ಶುರುವಾಗಿತ್ತು, ವಾರಕ್ಕೆ ಹತ್ತು ರೂಪಾಯಿ, ಇಬ್ರಿಗೆ ಕಂತು ಕಟ್ಟೋಕೂ ಆಗಿತ್ತು, ಆಮೇಲೆ ಲೆಕ್ಕದ ವಿಷ್ಯಕ್ಕೆ ಜಗಳ ಆಗಿ ನಿಂತೋಗಿತ್ತು. ಹಂಗಾಗಿ ಎರಡನೇ ಸಲ ಆ ಜಗಳದ ಮೇಲೇ ನಾಟಕ ಮಾಡಿದ್ವಿ, ಅಜ್ಜಿ ಈ ಸಲ ಎದ್ದು ಬರ್ಲಿಲ್ಲ, ಆದ್ರೆ ಮೊದಲ ಸಲ "ನಾವ್ಯಾಕೆ ಕಟ್ಬೇಕು" ಅಂದಿದ್ದ ಹೆಂಗಸೇ ಎದ್ದು ಬಂದು ಬ್ಯಾಗ್ ಹಾಕ್ಕೊಂಡ್ಲು. ಲೆಕ್ಕ ಬರೆಯೋಕೆ ಆ ಕಾಲೇಜು ಹುಡ್ಗೀನ ಇಟ್ಕೊಳ್ಳೋಣ ಅಂದ್ಲು. ಹುಡ್ಗಿ ಒಪ್ಪಿದ್ಲು.

ಮುಂದಿನ ತಿಂಗಳು ಮೂರನೇ ಸಲ ಹೋಗ್ತಿದೀವಿ. ಸಂಜೆ ಏಳೂವರೆಗೆ, ಎಲ್ರೂ ಡೈರಿಗೆ ಹಾಲು ಹಾಕಿ ಬಂದ್ಮೇಲೆ. ನಿಮ್ಮಲ್ಲಿ ಯಾರಾದ್ರೂ ಬರ್ತೀನಿ ಅಂದ್ರೆ ಊರೋರನ್ನ ಕೇಳಿ ಯಾವ ಊರು ಅಂತ ಹೇಳ್ತೀವಿ. ಸ್ಟೇಜಿಲ್ಲ, ಕುರ್ಚಿ ಇಲ್ಲ, ಹಾರ ಶಾಲು ಇರಲ್ಲ, ಹೆಂಗಸರ ಜೊತೆ ಚಾಪೆ ಮೇಲೆ ಕೂರ್ಬೇಕಾಗುತ್ತೆ. ಇವಳು ಬೇರೆ ಥರ ಮಾಡ್ಬೋದಿತ್ತು ಅಂತ ನಿಮಗೂ ಎಲ್ಲಾದ್ರೂ ಅನ್ಸಿದ್ರೆ 'ನಿಲ್ಸಿ' ಅನ್ನಿ, ಬ್ಯಾಗ್ ನಾನೇ ಕೈಗೆ ಕೊಡ್ತೀನಿ.

ಇಂತಿ,
ಒಬ್ಬ ಬೀದಿನಾಟಕದ ನಟಿ